ಹಸಿ ಕುಂಬಳ, ಬೆಂದ ಕುಂಬಳ

ಸಂತೆಯಲ್ಲಿ ಕುಂಬಳಕಾಯಿಗೆ ಜಾತಿ ಇಲ್ಲ. ಯಾರು ಬೆಳೆದರು, ಯಾರು ಹೊತ್ತು ತಂದರು ಅಂತ ಯಾರೂ ಕೇಳೋದಿಲ್ಲ. ಬೆರಳು ಮಡಿಸಿ ತಟ್ಟಿ ನೋಡ್ತಾರೆ, ತೊಟ್ಟು ಒಣಗಿದೆಯೋ ಇಲ್ಲವೋ ನೋಡ್ತಾರೆ, ಉಗುರು ಊರಿ ಬಲಿತಿದೆಯೋ ಅಂತ ಪರೀಕ್ಷೆ ಮಾಡ್ತಾರೆ, ಚೌಕಾಸಿ ಮಾಡಿ ಚೀಲಕ್ಕೆ ಹಾಕಿಕೊಂಡು ಹೋಗ್ತಾರೆ. ಅದೇ ಕುಂಬಳಕಾಯಿಯನ್ನು ಕೇರಿಯ ಹೆಂಗಸೊಬ್ಬಳು ಹೆಚ್ಚಿ, ಬೇಯಿಸಿ, ಒಗ್ಗರಣೆ ಹಾಕಿ, ಸೌಟಿನಲ್ಲಿ ಎತ್ತಿ ಬಡಿಸಲಿ ನೋಡೋಣ. ಆಗ ಅದಕ್ಕೆ ಜಾತಿ ಬರುತ್ತದೆ. ಒಲೆಯ ಮೇಲಿಟ್ಟ ಅರ್ಧ ಗಂಟೆಯಲ್ಲಿ ಒಂದು ಕಾಯಿ ಮೈಲಿಗೆಯಾಗುವ ಈ ವಿಚಿತ್ರ ಯಾವ ವಿಜ್ಞಾನದ ಪುಸ್ತಕದಲ್ಲೂ ಇಲ್ಲ. ನಮ್ಮ ಊರುಗಳಲ್ಲಿ ಇದೆ.

ಹಸಿ ಕಾಯಿಗೆ ಇಲ್ಲದ ಜಾತಿ ಬೆಂದ ಕಾಯಿಗೆ ಎಲ್ಲಿಂದ ಬಂತು? ಉತ್ತರ ಹುಡುಕುತ್ತ ಹೊರಟರೆ ಪ್ರಶ್ನೆ ಅಡಿಗೆಮನೆಯಲ್ಲಿ ನಿಲ್ಲುವುದಿಲ್ಲ. ಹೊಲಕ್ಕೆ ಹೋಗುತ್ತದೆ, ಕೆರೆಯ ತೂಬಿಗೆ ಹೋಗುತ್ತದೆ, ಸಂತೆಯ ಸುಂಕದ ಚೀಟಿಗೆ ಹೋಗುತ್ತದೆ, ತಾಲ್ಲೂಕು ಕಚೇರಿಯ ಪಹಣಿಗೆ ಹೋಗುತ್ತದೆ. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಚರಿತ್ರೆಯಲ್ಲಿ ಯುದ್ಧಗಳಿದ್ದವು, ಪಟ್ಟಾಭಿಷೇಕಗಳಿದ್ದವು. ಉಂಡವರ ಹೆಸರಿತ್ತು, ಬೆಳೆದವರ ಹೆಸರಿರಲಿಲ್ಲ. ಆದ್ದರಿಂದ ಒಂದು ಸಲ ಕುಂಬಳಕಾಯಿಯ ಕಡೆಯಿಂದ ಚರಿತ್ರೆ ಓದಿ ನೋಡೋಣ.

ತೋಟದ ಬಗ್ಗೆ, ಊಟದ ಬಗ್ಗೆ ಕನ್ನಡದಲ್ಲಿ ಹಳೆಯ ಪುಸ್ತಕಗಳಿಲ್ಲ ಅಂತಲ್ಲ. ಇಮ್ಮಡಿ ಚಾವುಂಡರಾಯ 1025ರಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಗಿಡಮರಗಳ ಆರೈಕೆಯಿದೆ, ಅಡಿಗೆಯ ವಿಚಾರವಿದೆ, ನೆಲದೊಳಗಿನ ನೀರು ಕಂಡುಹಿಡಿಯುವ ವಿಚಾರವಿದೆ. ಮೂರನೆಯ ಮಂಗರಸ 1508ರ ಸುಮಾರಿಗೆ ಬರೆದ 'ಸೂಪಶಾಸ್ತ್ರ' ಪೂರ್ತಿ ಅಡಿಗೆಯದೇ ಪುಸ್ತಕ. ಬದನೆ, ಬಾಳೆ, ಹಲಸನ್ನು ಬಗೆಬಗೆಯಾಗಿ ಮಾಡುವುದನ್ನು ಅವನು ಹೇಳುತ್ತಾನೆ. ಚಾವುಂಡರಾಯ ಚಾಲುಕ್ಯರ ಆಸರೆಯಲ್ಲಿದ್ದವನು, ಮಂಗರಸ ಪ್ರಭು ಮನೆತನದವನು. ತುಪ್ಪ ಇದ್ದವರ ಮನೆಯ ಅಡಿಗೆ ಅದು. ಕನಕದಾಸರು ಒಬ್ಬರು 'ರಾಮಧಾನ್ಯಚರಿತೆ'ಯಲ್ಲಿ ರಾಗಿಯನ್ನೂ ಅಕ್ಕಿಯನ್ನೂ ಎದುರಾಬದುರು ನಿಲ್ಲಿಸಿ, ಬಡವರ ಕಾಳಿನ ಬಾಯಲ್ಲಿ ಮಾತಾಡಿಸಿದರು. ರಾಗಿಗೆ ಒಬ್ಬ ಕವಿ ಸಿಕ್ಕಿದ. ತಿಪ್ಪೆಯ ಮೇಲೆ ಹಬ್ಬಿದ ಬಳ್ಳಿಗೆ ಸಿಗಲಿಲ್ಲ.

1973ರ ನವೆಂಬರಿನಲ್ಲಿ, ಆಗ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಊರೂರೇ ಹೊತ್ತಿಕೊಂಡಿತು. ನಮ್ಮ ಹುಡುಗರು ಹಾಸ್ಟೆಲುಗಳಲ್ಲಿ ಏಟು ತಿಂದರು. ಅವರು ಮಂತ್ರಿಗಿರಿ ಬಿಡಬೇಕಾಯಿತು. ದನಕ್ಕೆ ಹಾಕುವ ಹಿಂಡಿ ಬೂಸಾ ಅನ್ನುವ ಮಾತಿಗೆ ಅಷ್ಟು ಸಿಟ್ಟು ಬಂದವರಿಗೆ, ಆ ದನ ಕಾಯುವ ಮಕ್ಕಳು ಏನು ತಿನ್ನುತ್ತಾರೆ ಅನ್ನುವುದು ಸಾಹಿತ್ಯದಲ್ಲಿ ಯಾಕಿಲ್ಲ ಅಂತ ಕೇಳಬೇಕು ಅನ್ನಿಸಲಿಲ್ಲ.

ಈಗ ಕಡಲಿಗೆ ಹೋಗೋಣ. ಚಾವುಂಡರಾಯನ ಕಾಲದಲ್ಲಿ ಇವತ್ತಿನ ಸಂತೆಯ ಅರ್ಧ ಸರಕು ಈ ನೆಲದಲ್ಲಿ ಇರಲೇ ಇಲ್ಲ. ಹೀರೆ, ಸೌತೆ ಈ ದೇಶದವೇ. ಬೂದುಗುಂಬಳ ಏಷ್ಯಾದ ಹಳೇ ಕಾಯಿ. ಸೋರೆ ಆಫ್ರಿಕಾದಲ್ಲಿ ಹುಟ್ಟಿ ಬಹಳ ಹಿಂದೆಯೇ ಇಲ್ಲಿಗೆ ಬಂದಿತ್ತು. ಆದರೆ ಸಿಹಿಗುಂಬಳ ಅಮೆರಿಕ ಖಂಡದ್ದು. ಪರಂಗಿಹಣ್ಣು, ಸೀಬೆ, ಸೀತಾಫಲ, ಅನಾನಸು, ಗೇರು, ಮೆಣಸಿನಕಾಯಿ ಎಲ್ಲವೂ ಅಲ್ಲಿಯವೇ. ಕೊಲಂಬಸ್ ಅತ್ತ ಕಡೆ ಹೋಗಿದ್ದು 1492ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿದ್ದು 1498ರಲ್ಲಿ. ಪೋರ್ಚುಗೀಸರು ಗೋವಾ ಹಿಡಿದಿದ್ದು 1510ರಲ್ಲಿ. ಆಮೇಲಿನ ನೂರು ವರ್ಷದಲ್ಲಿ ಈ ಬೀಜಗಳು ಹಡಗು ಹತ್ತಿ ಬಂದವು. ಪರಂಗಿಹಣ್ಣು ಫಿಲಿಪೈನ್ಸ್ ದಾಟಿ, ಮಲಕ್ಕಾ ದಾಟಿ ಇಲ್ಲಿಗೆ ಬಂತು ಅಂತ 1580ರ ದಶಕದಲ್ಲಿ ಗೋವಾದಲ್ಲಿದ್ದ ಲಿನ್‌ಸ್ಕೋಟನ್ ಎಂಬ ಡಚ್ಚಿನವನು ಬರೆದಿಟ್ಟಿದ್ದಾನೆ.

ನಮ್ಮ ಜನ ಹೆಸರಿನಲ್ಲೇ ಈ ಚರಿತ್ರೆಯನ್ನು ಕಟ್ಟಿಟ್ಟುಕೊಂಡಿದ್ದಾರೆ. ಪರಂಗಿ ಅಂದರೆ ಫರಂಗಿಯವರದು. ಬಯಲುಸೀಮೆಯ ಉತ್ತರಕ್ಕೂ ಕರಾವಳಿಗೂ ಹೋದರೆ ಸೀಬೆಗೆ ಪೇರಲ ಅನ್ನುತ್ತಾರೆ, ಅದು ಪೋರ್ಚುಗೀಸರ 'ಪೆರ'. ಮಲೆನಾಡಿನಲ್ಲಿ ಸಿಹಿಗುಂಬಳಕ್ಕೆ ಚೀನಿಕಾಯಿ ಅನ್ನುತ್ತಾರೆ, ಅದು ಚೀನಾದ್ದಲ್ಲದಿದ್ದರೂ. ಸೀಮೆಎಣ್ಣೆ, ಸೀಮೆಸುಣ್ಣದ ಹಾಗೆ ಸೀಮೆಬದನೆ. ಮೆಕ್ಸಿಕೋ ಕಡೆಯ ಆ ಕಾಯಿಯನ್ನು ಬೆಂಗಳೂರಿಗೆ ತಂದು ಬೆಳೆಸಿದವನು 1874ರಿಂದ 1908ರವರೆಗೆ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡ ಜಾನ್ ಕ್ಯಾಮರಾನ್. ನಾವು ಸೀಮೆಯದು ಅಂದದ್ದನ್ನು ಪಕ್ಕದ ತಮಿಳರು ಬೆಂಗಳೂರು ಬದನೆ ಅಂತಾರೆ! ನೂರು ವರ್ಷದಲ್ಲಿ ಅದು ಈ ಊರಿನದೇ ಆಗಿಹೋಯಿತು.

ಇಲ್ಲೇ ಸ್ವಲ್ಪ ನಿಂತು ಯೋಚಿಸಬೇಕು. ಕಡಲು ದಾಟಿದವನು ಜಾತಿ ಕೆಟ್ಟ ಅಂತ ಶಾಸ್ತ್ರ ಹೇಳುತ್ತಿತ್ತು. ವಿಲಾಯಿತಿಗೆ ಓದಲು ಹೋಗಿಬಂದ ಬ್ರಾಹ್ಮಣ ಹುಡುಗರಿಗೆ ಪ್ರಾಯಶ್ಚಿತ್ತ ಮಾಡಿಸುತ್ತಿದ್ದ ಕಾಲ ತುಂಬ ದೂರದ್ದೇನಲ್ಲ. ಆದರೆ ಮ್ಲೇಚ್ಛರ ಹಡಗಿನಲ್ಲಿ, ಮ್ಲೇಚ್ಛರ ಕೈಯಲ್ಲಿ ಬಂದ ಕುಂಬಳಕಾಯಿಗೆ ಯಾರೂ ಪಂಚಗವ್ಯ ಕುಡಿಸಲಿಲ್ಲ. ಅದು ನೇರ ಒಳಮನೆಗೆ ಹೋಯಿತು. ಅನ್ನಸಂತರ್ಪಣೆಯ ಹುಳಿಗೂ ಬಿತ್ತು. ಅಮೆರಿಕದ ಕಾಡುಹಣ್ಣಿಗೆ ಸೀತಾಫಲ ಅಂತ ಹೆಸರಿಟ್ಟರು, ಅದರ ತಮ್ಮನಿಗೆ ರಾಮಫಲ ಅಂದರು. ಪರದೇಶಿ ಹಣ್ಣಿಗೆ ಪುರಾಣದ ಹೆಸರು ಸಿಕ್ಕಿತು. ಸಾವಿರಾರು ವರ್ಷದಿಂದ ಇದೇ ನೆಲ ಉತ್ತವರಿಗೆ ಸಿಕ್ಕ ಹೆಸರು ಏನು ಅಂತ ನಾವು ಹೇಳಬೇಕಾಗಿಲ್ಲ. ಶ್ರಾದ್ಧದ ಅಡಿಗೆಯಲ್ಲಿ ಮಾತ್ರ ಕೆಲವು ಮಡಿವಂತರು ಮೆಣಸಿನಕಾಯಿ ಬಿಟ್ಟು ಕಾಳುಮೆಣಸು ಹಾಕುತ್ತಾರೆ. ಪರದೇಶಿ ಕಾಯಿಗೆ ವರ್ಷಕ್ಕೆ ಒಂದೋ ಎರಡೋ ದಿನದ ಮೈಲಿಗೆ. ನಮಗೆ ವರ್ಷಪೂರ್ತಿ.

ಅಂದರೆ ಮಡಿ ಮೈಲಿಗೆ ವಸ್ತುವಿನಲ್ಲಿ ಇಲ್ಲ. ಎಲ್ಲಿಂದ ಬಂತು ಅನ್ನೋದರಲ್ಲೂ ಇಲ್ಲ. ಬೇಕಾದ್ದನ್ನು ಒಳಕ್ಕೆ ತಗೊಳ್ಳುವುದಕ್ಕೆ ಶಾಸ್ತ್ರ ಯಾವತ್ತೂ ಅಡ್ಡ ಬಂದಿಲ್ಲ. ಬೆಳೆದ ಕೈಯನ್ನು ಹೊರಗೇ ಇಡುವುದಕ್ಕೆ ಮಾತ್ರ ಅದು ಬೇಕಾಯಿತು.

ಹಾಗಾದರೆ ಕೇರಿಯೊಳಗೆ ಕುಂಬಳ ಹೇಗೆ ಬಂತು? ಅದಕ್ಕೆ ಹೊಲ ಬೇಡ, ಅದಕ್ಕೇ ಬಂತು. ಒಂದು ಗುಣಿ, ಒಂದು ಮಂಕರಿ ಗೊಬ್ಬರ, ಪಾತ್ರೆ ತೊಳೆದ ನೀರು ಇದ್ದರೆ ಸಾಕು. ತಿಪ್ಪೆಯ ಪಕ್ಕ ಬೀಜ ಊರಿದರೆ ಬಳ್ಳಿ ತಾನಾಗಿ ಗೋಡೆ ಹತ್ತಿ ಸೋಗೆಯ ಮೇಲೆ ಮಲಗುತ್ತದೆ. ಭೂಮಿಯಿಲ್ಲದವರು ಗುಡಿಸಲ ಸೂರನ್ನೇ ಹೊಲ ಮಾಡಿಕೊಂಡರು. ನಮ್ಮವ್ವಂದಿರಿಗೆ ಓದು ಬರುತ್ತಿರಲಿಲ್ಲ. ಆದರೆ ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೂವು ಹೆಣ್ಣು, ಉದ್ದ ತೊಟ್ಟಿನದು ಗಂಡು ಅಂತ ಗೊತ್ತಿತ್ತು. ಗಂಡು ಹೂವನ್ನು ನಾಲ್ಕು ಬಿಟ್ಟು ಉಳಿದದ್ದನ್ನು ಕಿತ್ತು ಪಲ್ಯ ಮಾಡುತ್ತಿದ್ದರು. ಕುಡಿ ಸೊಪ್ಪು ಸಾರಿಗೆ. ಕಾಯಿ ಹುಳಿಗೆ. ಬೀಜ ತೊಳೆದು ಒಣಗಿಸಿ ಹುರಿದರೆ ಮಕ್ಕಳ ಬಾಯಿಗೆ. ಬಲಿತ ಕಾಯಿಯನ್ನು ಹಗ್ಗದ ನೆಲುವಿನಲ್ಲಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಕೂಲಿ ಇಲ್ಲದ ಬೇಸಗೆಯಲ್ಲಿ ಅದೇ ನಮ್ಮ ಕಣಜ. ಬೀಜ ಮಾತ್ರ ಬೂದಿಯಲ್ಲಿ ಹೊರಳಿಸಿ ಗೋಡೆಗೆ ಮೆತ್ತಿಟ್ಟಿರುತ್ತಿದ್ದರು. ಅಂಗಡಿಯಿಂದ ಬೀಜ ತಂದ ನೆನಪು ನಮಗಿಲ್ಲ.

ಬಲಿತು ಒಣಗಿದ ಸೋರೆ ಬುರುಡೆಯಾಗುತ್ತಿತ್ತು. ಹೊಲಕ್ಕೆ ನೀರು ಒಯ್ಯಲು ಬುರುಡೆ, ಬೀಜ ತುಂಬಲು ಬುರುಡೆ. ಊರಿನ ಕೊಡ ಮುಟ್ಟಬಾರದ ಜನಕ್ಕೆ ಬಳ್ಳಿಯೇ ಕೊಡ ಕೊಟ್ಟಿತು. ಜೋಗಿಯ ಕಿನ್ನರಿಗೆ ನಾದ ಕೊಟ್ಟಿದ್ದೂ ಅದೇ ಬುರುಡೆ. ಪರಂಗಿ ಗಿಡವನ್ನು ಯಾರೂ ನೆಟ್ಟಿದ್ದಲ್ಲ, ತಿಂದು ಉಗಿದ ಬೀಜ ಬಚ್ಚಲ ನೀರು ಕುಡಿದು ಎದ್ದಿತು. ಬಲಿತ ದನದ ಬಾಡು ಬೇಯದೆ ಹೋದಾಗ ಹಸಿ ಪರಂಗಿಕಾಯಿಯ ನಾಲ್ಕು ಚೂರು ಹಾಕಿದರೆ ಮೆತ್ತಗಾಗುತ್ತದೆ. ಆ ಕಾಯಿಯ ಹಾಲಿನಲ್ಲಿರುವ ಪಪೇನ್ ಅನ್ನುವ ಕಿಣ್ವದ ಕೆಲಸ ಅದು ಅಂತ ನಾವು ಕಾಲೇಜಿನ ಪುಸ್ತಕದಲ್ಲಿ ಓದಿದೆವು. ನಮ್ಮಜ್ಜಿ ಹೆಸರು ಗೊತ್ತಿಲ್ಲದೆಯೇ ಮಾಡುತ್ತಿದ್ದಳು. ಅವಳ ತಿಳಿವಳಿಕೆ ಯಾವ ಸೂಪಶಾಸ್ತ್ರಕ್ಕೂ ಸೇರಲಿಲ್ಲ. ಯಾಕೆಂದರೆ ಆ ಮಡಕೆಯೊಳಗೆ ಇದ್ದದ್ದು ದನದ ಬಾಡು.

ಆದರೆ ತಿಪ್ಪೆಯ ಬಳ್ಳಿಯನ್ನು ಹೊಗಳಿ ಹಾಡುತ್ತ ಕೂತರೆ ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ. ಬಳ್ಳಿ ಸೋಗೆ ಹತ್ತಿದ್ದು ಅದರ ಖುಷಿಗಲ್ಲ, ಹಬ್ಬಲು ನಮಗೆ ನೆಲ ಇರಲಿಲ್ಲ. ನೆಲ ಇದ್ದವರಿಗೆ ತೋಟವಿತ್ತು. 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸುತ್ತಿದ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಅಡಿಕೆ, ತೆಂಗು, ಬಾಳೆ, ವೀಳ್ಯದೆಲೆಯ ತೋಟಗಳ ಲೆಕ್ಕ ವಿವರವಾಗಿದೆ. ಅದೇ ಪುಟಗಳಲ್ಲಿ ತುಳುನಾಡಿನಲ್ಲಿ ಮನುಷ್ಯರನ್ನು ಆಳುಗಳಾಗಿ ಕೊಳ್ಳುವ ಮಾರುವ ಲೆಕ್ಕವೂ ಇದೆ, ಅವರಿಗೆ ಅಳೆದು ಕೊಡುತ್ತಿದ್ದ ಅಕ್ಕಿಯ ಲೆಕ್ಕವೂ ಇದೆ. ಕಂಪನಿ ಸರ್ಕಾರ ಜೀತದಾಳುಗಳ ಮೇಲಿನ ಹಕ್ಕಿಗೆ ಕಾನೂನಿನ ಬೆಂಬಲ ತೆಗೆದದ್ದು 1843ರಲ್ಲಿ. ತೋಟದ ಹಣ್ಣಿನ ಚರಿತ್ರೆ ಬರೆಯುವವರು ಈ ಎರಡು ಲೆಕ್ಕಗಳನ್ನು ಒಟ್ಟಿಗೆ ಓದಬೇಕು.

ನೆಲ ಆಯಿತು, ನೀರು? ಹಳೇ ಮೈಸೂರಿನ ಕೆರೆಬಯಲುಗಳಲ್ಲಿ ತೂಬು ಎತ್ತಿ ಗದ್ದೆ ಗದ್ದೆಗೂ ನ್ಯಾಯವಾಗಿ ನೀರು ಹಂಚುತ್ತಿದ್ದ ನೀರುಗಂಟಿ ಹೆಚ್ಚಿನ ಕಡೆ ನಮ್ಮವನೇ. ಅವನು ಕಾಲಲ್ಲಿ ತುಳಿದು ಬಿಟ್ಟ ನೀರು ಊರಿನ ಬಾಳೆಗೆ, ಭತ್ತಕ್ಕೆ ಮೈಲಿಗೆಯಾಗಲಿಲ್ಲ. ಅವನು ಬಾವಿಯ ಹಗ್ಗ ಮುಟ್ಟಿದರೆ ಮೈಲಿಗೆ! ಬಾಬಾಸಾಹೇಬರು ಮಹಾಡಿನಲ್ಲಿ ಮುರಿದಿದ್ದು ಇದೇ ಲೆಕ್ಕವನ್ನು. 1927ರ ಮಾರ್ಚ್ 20ರಂದು ಅವರು ಸಾವಿರಾರು ಜನರೊಂದಿಗೆ ನಡೆದುಹೋಗಿ ಚವದಾರ್ ಕೆರೆಯ ನೀರು ಕುಡಿದರು. ಸವರ್ಣೀಯರು ಹೊಡೆದರು, ಆಮೇಲೆ ಸೆಗಣಿ ಗಂಜಲದ ಕೊಡ ಸುರಿದು ಕೆರೆಯನ್ನು ಶುದ್ಧ ಮಾಡಿದರು. ಆ ನೀರಿನ ಹಕ್ಕು ಬೊಂಬಾಯಿ ಹೈಕೋರ್ಟಿನಲ್ಲಿ ಗೆದ್ದು ಬರಲು 1937 ಆಯಿತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಇನ್ನು ಸಂತೆ. ಕಾಯಿಗೆ ಜಾತಿ ಇಲ್ಲ ಅಂದೆವು, ನಿಜ. ಆದರೆ ಕೂರುವ ಜಾಗಕ್ಕೆ ಇತ್ತು. ಆಲದ ಮರದ ನೆರಳು, ಬಸ್ಸು ನಿಲ್ಲುವ ಬದಿ ದೊಡ್ಡವರ ತಟ್ಟಿಗೆ. ನಮ್ಮವ್ವಂದಿರ ಗೋಣಿತಾಟು ಸಂತೆಯ ಕೊನೆಗೆ, ಬಿಸಿಲಿಗೆ. ಕಾಸನ್ನು ಕೈಗೆ ಕೊಡುತ್ತಿರಲಿಲ್ಲ, ತಾಟಿನ ಮೇಲೆ ಎಸೆಯುತ್ತಿದ್ದರು. ಸುಂಕದವನಿಗೆ ಮಾತ್ರ ಎಲ್ಲರೂ ಒಂದೇ, ಮಾರಲಿ ಬಿಡಲಿ ಚೀಟಿ ಹರಿಯುತ್ತಿದ್ದ. ಸಂಜೆ ಆದಂತೆ ಬೆಲೆ ಇಳಿಯುತ್ತದೆ, ವಾಪಸು ಹೊತ್ತು ಹೋಗಲು ಆಗುವುದಿಲ್ಲ ಅಂತ ಕೊಳ್ಳುವವನಿಗೂ ಗೊತ್ತು. ಗುಡ್ಡದ ಸೀತಾಫಲವನ್ನು ಮುಳ್ಳು ಗೀರಿಸಿಕೊಂಡು ಕಿತ್ತು, ಹುಲ್ಲಿನಲ್ಲಿ ಹಣ್ಣು ಹಾಕಿ, ಗುಡ್ಡೆ ಗುಡ್ಡೆ ಮಾಡಿ ಮಾರುವವಳು ಹೆಣ್ಣಾಳು. ಒಳ್ಳೆಯ ಹಣ್ಣು ಸಂತೆಗೆ, ಹಕ್ಕಿ ಕಚ್ಚಿದ್ದು ನಮಗೆ. ಮಾರಿದ ದುಡ್ಡಿನಲ್ಲಿ ಉಪ್ಪು, ಸೀಮೆಎಣ್ಣೆ. ಬೆಳೆದವರು ತಿನ್ನಲಿಲ್ಲ ಅನ್ನುವ ಮಾತನ್ನು ನಾವು ಘೋಷಣೆಗಾಗಿ ಹೇಳುತ್ತಿಲ್ಲ. ಒಂದು ಪೂರ್ತಿ ಹಣ್ಣನ್ನು, ಕಚ್ಚಿಲ್ಲದ್ದನ್ನು, ನಮ್ಮ ಕೈಗೇ ಕೊಟ್ಟ ದಿನ ಯಾವುದು ಅಂತ ನಮ್ಮಲ್ಲಿ ಅನೇಕರಿಗೆ ಇವತ್ತಿಗೂ ನೆನಪಿದೆ.

ಬೂದುಗುಂಬಳದ ಕತೆ ಬೇರೆ. ಅದನ್ನು ತಿನ್ನುವುದಕ್ಕಿಂತ ಒಡೆಯುವವರು ಹೆಚ್ಚು. ಆಯುಧಪೂಜೆಯ ಹಿಂದಿನ ದಿನ ಬೆಂಗಳೂರಿನ ಮಾರುಕಟ್ಟೆಗಳಲ್ಲಿ ರಾಶಿ ರಾಶಿ ಬೂದುಗುಂಬಳ. ಅಂಗಡಿ, ಕಾರ್ಖಾನೆ, ಬಸ್ಸು, ಕಾರು, ಎಲ್ಲದಕ್ಕೂ ನಿವಾಳಿಸಿ, ಕುಂಕುಮ ತುಂಬಿ, ನಡುರಸ್ತೆಯಲ್ಲಿ ಒಡೆಯುತ್ತಾರೆ. ದೃಷ್ಟಿ ಹೋಗುತ್ತದಂತೆ. ಮಾರನೆಯ ಬೆಳಗ್ಗೆ ಆ ದೃಷ್ಟಿಯನ್ನು ಯಾರು ಗುಡಿಸುತ್ತಾರೆ? ಕುಂಕುಮ ಮೆತ್ತಿದ ಹೋಳುಗಳನ್ನು ಬಾಚಿ ಗಾಡಿಗೆ ತುಂಬುವ ಪೌರಕಾರ್ಮಿಕರಲ್ಲಿ ಹೆಚ್ಚಿನವರು ನಮ್ಮವರೇ, ಅದರಲ್ಲೂ ಹೆಂಗಸರು. ಊರಿನ ಕೆಟ್ಟ ದೃಷ್ಟಿ ಇವರಿಗೆ ತಾಕಿದರೆ ಪರವಾಗಿಲ್ಲ. ಕೇರಿಯ ಬೇಸಗೆಯ ಕಣಜವಾಗಬಹುದಾದ ಕಾಯಿ ಪಟ್ಟಣದ ರಸ್ತೆಯಲ್ಲಿ ಕಸವಾಗುತ್ತದೆ, ಆ ಕಸವೂ ನಮ್ಮ ಪಾಲಿಗೇ ಬರುತ್ತದೆ.

ಈಗ ಮೊದಲ ಪ್ರಶ್ನೆಗೆ ವಾಪಸು ಬರೋಣ. ಹಸಿಗೆ ಇಲ್ಲದ ಜಾತಿ ಬೆಂದದ್ದಕ್ಕೆ ಯಾಕೆ? ಹಸಿ ಕಾಯಿಯಲ್ಲಿ ನಮ್ಮ ದುಡಿಮೆ ಕಾಣಿಸುವುದಿಲ್ಲ. ಬೆವರನ್ನು ತೊಳೆದುಬಿಡಬಹುದು, ಸಿಪ್ಪೆ ಹೆರೆದುಬಿಡಬಹುದು. ಬೇಯಿಸಿ ಬಡಿಸಿದರೆ ಬಡಿಸಿದವಳನ್ನು ನೋಡಲೇಬೇಕು. ಅವಳೆದುರು ತಟ್ಟೆ ಒಡ್ಡಬೇಕು. ನಮ್ಮಿಂದ ತಗೊಳ್ಳುವುದಕ್ಕೆ ಅವರಿಗೆ ಅಡ್ಡಿಯಿಲ್ಲ, ನಾವು ಕೊಡುವವರಾಗುವುದು ಬೇಡ. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಜೈಪುರ ಸಂಸ್ಥಾನದ ಚಕ್ವಾರಾ ಎಂಬ ಹಳ್ಳಿಯ ಸಂಗತಿ ಹೇಳುತ್ತಾರೆ. ಅಸ್ಪೃಶ್ಯನೊಬ್ಬ ತನ್ನ ಜನಕ್ಕೆ ಹಾಕಿದ ಊಟದಲ್ಲಿ ತುಪ್ಪ ಬಡಿಸಿದ. ಸವರ್ಣೀಯರು ದೊಣ್ಣೆ ಹಿಡಿದು ಬಂದು ಊಟ ಹಾಳುಮಾಡಿ, ಉಣ್ಣುತ್ತಿದ್ದವರನ್ನು ಹೊಡೆದರು. ದುಡ್ಡು ಅವನದು, ತುಪ್ಪ ಅವನದು. ತಪ್ಪು ಏನೆಂದರೆ ಅವನು ಮರ್ಯಾದೆಯಿಂದ ಉಂಡ.

ಅದು 1936 ಅಂತ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕು ಅಂದಿತು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಶುರುವಾಯಿತು. 2004ರ ಏಪ್ರಿಲ್ 20ರಂದು ಅದೇ ಕೋರ್ಟು ಅಡಿಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟರಿಗೆ ಆದ್ಯತೆ ಕೊಡಿ ಅಂತ ಹೇಳಿತು. ಕಾನೂನು ನಮ್ಮ ಅವ್ವನ ಕೈಗೆ ಸೌಟು ಕೊಟ್ಟಿತು. ಆಗ ಏನಾಯಿತು ಅಂತ ಹಳ್ಳಿಯ ಮೇಷ್ಟ್ರುಗಳಿಗೆ ಗೊತ್ತು. ಎಷ್ಟೋ ಊರುಗಳಲ್ಲಿ ಮಕ್ಕಳು ಮನೆಯಿಂದ ಡಬ್ಬಿ ತಂದರು, ಕೆಲವು ಕಡೆ ವರ್ಗಾವಣೆ ಪತ್ರ ಕೇಳಿದರು. ನಿನ್ನೆ ಸಂತೆಯಲ್ಲಿ ಅದೇ ಕೇರಿಯ ಕುಂಬಳಕಾಯಿ ಚೌಕಾಸಿ ಮಾಡಿ ಒಯ್ದವರೇ ಇವತ್ತು ಅದರ ಸಾಂಬಾರು ಬೇಡ ಅಂದರು.

ಮೇಷ್ಟ್ರುಗಳಿಗೆ ನಮ್ಮದೊಂದು ಮಾತು. ಅಂಥ ದಿನ ಪಾಠ ಬೇರೆ ಏನೂ ಬೇಡ. ತರಗತಿಗೆ ಒಂದು ಕುಂಬಳಕಾಯಿ ತನ್ನಿ. ಇದು ಯಾವ ಖಂಡದಿಂದ ಬಂತು ಅಂತ ಹೇಳಿ. ಆಮೇಲೆ ಮಕ್ಕಳ ಸಾಲಿನಲ್ಲಿ ನೀವೇ ಮೊದಲು ಕೂತು, ಆ ತಾಯಿಯ ಕೈಯಲ್ಲಿ ಬಡಿಸಿಕೊಂಡು ಉಣ್ಣಿ.

ಆದರೆ ಸೌಟು ಒಂದೇ ಸಾಲದು. ನೆಲ ಬೇಕು. ತೋಟಿ, ತಳವಾರ, ನೀರುಗಂಟಿಯ ಚಾಕರಿಗೆ ಕಟ್ಟಿದ್ದ ಇನಾಮ್ತಿಯನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಿಡಿಸಿ, ಅದೇ ನೆಲವನ್ನು ಚಾಕರಿ ಮಾಡಿದವರಿಗೆ ಮರುಮಂಜೂರು ಮಾಡಬೇಕು ಅಂದಿತು. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿ ಚೀಟಿಯೂ ಇಲ್ಲದೆ ಬರೀ ಕೂಲಿ ಮಾಡಿದ ನಮ್ಮವರಲ್ಲಿ ಬಹಳ ಜನ ನೋಡುತ್ತ ನಿಂತರು. ಸರ್ಕಾರ ದರಖಾಸ್ತಿನಲ್ಲಿ ಕೊಟ್ಟ ತುಂಡು ಭೂಮಿಯನ್ನೂ ಸಾಲಕ್ಕೆ, ಮದುವೆಗೆ, ಹೆಬ್ಬೆಟ್ಟಿಗೆ ಕಳೆದುಕೊಂಡದ್ದು ಎಷ್ಟೋ. ಅದನ್ನು ವಾಪಸು ಕೊಡಿಸಲು 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. 2017ರಲ್ಲಿ ಸುಪ್ರೀಂ ಕೋರ್ಟು ತಡವಾಗಿ ಬಂದ ಅರ್ಜಿಗೆ ಬೆಲೆಯಿಲ್ಲ ಅಂದಾಗ ಗೆದ್ದ ಭೂಮಿಯೂ ಕೈಬಿಡತೊಡಗಿತು. ಸಂಘಟನೆಗಳು ಬೀದಿಗೆ ಬಂದ ಮೇಲೆ 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿಯಾಯಿತು. ಈ ನಡುವೆ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು, ಬೇಸಾಯ ಮಾಡದವರೂ ಕೃಷಿಭೂಮಿ ಕೊಳ್ಳಬಹುದು ಅಂದರು. ಒಂದು ಕೈ ಕೊಡುತ್ತದೆ, ಇನ್ನೊಂದು ಕೈ ಬೇಲಿ ಕೀಳುತ್ತದೆ. ಅರ್ಧ ಎಕರೆಯೂ ಒಂದು ಬಾವಿಯೂ ಇದ್ದರೆ ಕುಂಬಳ ಒಂದು ಬೆಳೆ. ಇಲ್ಲದಿದ್ದರೆ ಅದು ಸೋಗೆಯ ಮೇಲಿನ ಪುಣ್ಯ.

ಆದ್ದರಿಂದ ಗೆಳೆಯರೇ, ನಿಮ್ಮ ನಿಮ್ಮ ಊರಿನ ಸಂತೆಗೆ ಹೋಗಿ. ಈ ಕಾಯಿ ಯಾರ ನೆಲದ್ದು, ಯಾರ ನೀರಿನದು, ಯಾರ ಕೂಲಿಯದು, ಯಾರಿಗೆ ಎಷ್ಟು ಸಿಕ್ಕಿತು ಅಂತ ಕೇಳಿ ಬರೆದುಕೊಳ್ಳಿ. ಕೇರಿಯ ಹಳೆಯ ಹೆಂಗಸರನ್ನು ಕೂರಿಸಿಕೊಂಡು ಅವರ ಬೀಜದ ಲೆಕ್ಕ ಬರೆದುಕೊಳ್ಳಿ. ತಾಲ್ಲೂಕು ಕಚೇರಿಯಲ್ಲಿ ನಿಮ್ಮ ಕೇರಿಯ ಮಂಜೂರಾತಿ ಭೂಮಿ ಈಗ ಯಾರ ಹೆಸರಿನಲ್ಲಿದೆ ಅಂತ ಪಹಣಿ ತೆಗೆಸಿ ನೋಡಿ. ಇದೇ ನಾವು ಬರೆಯಬೇಕಾದ ಚರಿತ್ರೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಗಾದೆ ಇದೆ. ಬೂದುಗುಂಬಳ ಕದ್ದು ಹೆಗಲ ಮೇಲೆ ಹೊತ್ತರೆ ಅದರ ಬೂದಿ ಅಂಟಿಕೊಳ್ಳುತ್ತದೆ. ಇಷ್ಟು ಕಾಲ ಕಳ್ಳ ಅಂತ ಕೂಗಿದಾಗಲೆಲ್ಲ ಊರು ಕೇರಿಯ ಕಡೆಗೇ ತಿರುಗಿ ನೋಡಿದೆ, ನಾವೂ ಹೆದರಿ ನಮ್ಮ ಹೆಗಲು ನೋಡಿಕೊಂಡಿದ್ದೇವೆ. ಅಲ್ಲಿ ನೊಗದ ಗುರುತು ಬಿಟ್ಟರೆ ಬೇರೇನಿಲ್ಲ. ಇನ್ನು ಮುಂದೆ ಸಂತೆಯ ನಟ್ಟನಡುವೆ ನಿಂತು ನಾವು ಕೂಗೋಣ. ಯಾರ ಯಾರ ಕೈ ಹೆಗಲಿಗೆ ಹೋಗುತ್ತದೋ ನೋಡೋಣ.